ಬ್ರೂಸ್ ಕರ್ಬಿ ಮತ್ತು ಯಾರೂ ತಿದ್ದಬಾರದ ದೋಣಿ

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹಾಯಿದೋಣಿ ರೇಸಿಗೆ ನಮ್ಮ ದೇಶದಿಂದ ಇಳಿದವರು ಇಬ್ಬರೇ. ಚೆನ್ನೈನ ನೇತ್ರಾ ಕುಮನನ್, ನಮ್ಮ ಸೈನ್ಯದ ವಿಷ್ಣು ಸರವಣನ್. ರೇಸ್ ನಡೆದದ್ದು ಪ್ಯಾರಿಸ್ಸಿನಲ್ಲಲ್ಲ, ಮಾರ್ಸೇ ಊರಿನ ಸಮುದ್ರದಲ್ಲಿ. ಕೂತು ನೋಡಿದವರು ನಮ್ಮಲ್ಲಿ ಕಡಿಮೆಯೇ ಇರಬೇಕು, ಪರವಾಗಿಲ್ಲ. ನಾನು ಹೇಳಬೇಕು ಅಂತಿರೋದು ಅವರ ಕೆಳಗಿದ್ದ ದೋಣಿಯ ಬಗ್ಗೆ. ಇಬ್ಬರದ್ದೂ ಒಂದೇ ದೋಣಿ. ಹಾಯಿ ಮತ್ತು ಕಂಬದ ಕೆಳಗಿನ ತುಂಡು ಮಾತ್ರ ಬೇರೆ. ಈಗ ಅದನ್ನು ಐಎಲ್‌ಸಿಎ ಅಂತ ಕರೀತಾರೆ, ಅದನ್ನು ಓಡಿಸುವವರ ಸಂಘದ ಹೆಸರಿನ ಮೊದಲಕ್ಷರಗಳು. ಆದರೆ ಓಡಿಸುವವರ ಬಾಯಲ್ಲಿ ಇವತ್ತಿಗೂ ಅದು ಲೇಸರ್.

ಅದರ ಗೆರೆ ಎಳೆದವರು ಒಬ್ಬ ಪತ್ರಕರ್ತ. ಕೆನಡಾದ ಬ್ರೂಸ್ ಕರ್ಬಿ. ಎಳೆದದ್ದು 1969ರಲ್ಲಿ, ಫೋನಿನಲ್ಲಿ ಮಾತಾಡ್ತಾ ಮಾತಾಡ್ತಾ.

ಈ ಫೋನ್ ಕಥೆಯನ್ನು ಎಲ್ಲರೂ ಹೇಳ್ತಾರೆ. ಒಂದು ಹಾಳೆ, ಒಂದು ಪೆನ್ಸಿಲ್, ಹತ್ತು ನಿಮಿಷ, ಆಯ್ತು ನೋಡಿ ಜಗತ್ತಿನ ದೋಣಿ, ಅನ್ನೋ ಧಾಟಿಯಲ್ಲಿ. ನನಗೆ ಆ ಧಾಟಿ ಅಷ್ಟು ಇಷ್ಟವಿಲ್ಲ. ಆ ಹಾಳೆಗೆ ಮೊದಲು ಹತ್ತು ವರ್ಷಕ್ಕೂ ಜಾಸ್ತಿ ಕಾಲ ಆ ಮನುಷ್ಯ ಏನು ಮಾಡ್ತಿದ್ದರು ಅಂತ ನೋಡದೇ ಹೋದರೆ ಅದು ಬರೀ ಅದೃಷ್ಟದ ಕಥೆಯಾಗಿಬಿಡುತ್ತದೆ.

ಕರ್ಬಿ ಹುಟ್ಟಿದ್ದು 1929ರಲ್ಲಿ, ಒಟ್ಟಾವಾದಲ್ಲಿ. ಮನೆಯವರಿಗೆಲ್ಲ ದೋಣಿಯ ಹುಚ್ಚು. ಒಟ್ಟಾವಾ ನದಿ ದಂಡೆಯ ಬ್ರಿಟಾನಿಯಾ ಯಾಟ್ ಕ್ಲಬ್ಬಿನಲ್ಲಿ ಬೆಳೆದ ಹುಡುಗ. ಹೊಟ್ಟೆಪಾಡಿಗೆ ಹಿಡಿದದ್ದು ಪತ್ರಿಕೆ ಕೆಲಸ, ಮೊದಲು ಒಟ್ಟಾವಾ ಜರ್ನಲ್, ಆಮೇಲೆ ಮಾಂಟ್ರಿಯಲ್ ಸ್ಟಾರ್. ದೋಣಿ ವಿನ್ಯಾಸಕ್ಕೆ ಅಂತ ಕಾಲೇಜಿಗೆ ಹೋದವರಲ್ಲ. ಓದಿ, ನೋಡಿ, ಓಡಿಸಿ ಕಲಿತದ್ದು. ಓಡಿಸೋದಂತೂ ಸುಮ್ನೆ ಅಲ್ಲ. 1956ರ ಮೆಲ್ಬರ್ನ್ ಮತ್ತು 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕೆನಡಾ ಪರವಾಗಿ ಫಿನ್ ಅನ್ನೋ ಒಂಟಿ ದೋಣಿ ಓಡಿಸಿದರು. 1968ರಲ್ಲಿ ಸ್ಟಾರ್ ಅನ್ನೋ ಇಬ್ಬರ ದೋಣಿ. ಒಲಿಂಪಿಕ್ಸ್‌ನಲ್ಲಿ ಮೂರು ಸಲ ನೀರಿಗಿಳಿದವರಿಗೆ ದೋಣಿ ಎಲ್ಲಿ ಮೊಂಡಾಟ ಮಾಡುತ್ತದೆ ಅನ್ನೋದು ಸೊಂಟಕ್ಕೂ ತೊಡೆಗೂ ಗೊತ್ತಿರುತ್ತದೆ.

ಅವರ ಮೊದಲ ವಿನ್ಯಾಸ 1958ರದ್ದು. ಇಂಟರ್‌ನ್ಯಾಷನಲ್ ಫೋರ್ಟೀನ್ ಅನ್ನೋ ಹದಿನಾಲ್ಕು ಅಡಿಯ, ಇಬ್ಬರು ಓಡಿಸುವ ದೋಣಿ. ಇದರ ನಿಯಮ ಸ್ವಲ್ಪ ವಿಚಿತ್ರ. ಉದ್ದ ಇಷ್ಟಿರಬೇಕು, ತೂಕ ಇಷ್ಟಕ್ಕಿಂತ ಕಮ್ಮಿ ಇರಬಾರದು, ಹೀಗೆ ಒಂದು ಬೇಲಿ ಹಾಕಿ ಬಿಟ್ಟುಬಿಡ್ತಾರೆ. ಬೇಲಿಯ ಒಳಗೆ ಹೊಟ್ಟೆ ಹೇಗಿರಬೇಕು, ಮೂತಿ ಎಷ್ಟು ಚೂಪಿರಬೇಕು ಅನ್ನೋದು ವಿನ್ಯಾಸ ಮಾಡುವವರ ಇಷ್ಟ. ಹಾಗಾಗಿ ಅಲ್ಲಿ ರೇಸ್ ನೀರಿನ ಮೇಲೆ ಅರ್ಧ, ಡ್ರಾಯಿಂಗ್ ಬೋರ್ಡಿನ ಮೇಲೆ ಇನ್ನರ್ಧ. ಹಳೇ ದೋಣಿ ಇದ್ದವರು ಎಷ್ಟೇ ಜಾಣರಾದರೂ ಹೊಸ ದೋಣಿಯವರ ಬೆನ್ನು ನೋಡ್ತಾ ಕೂರಬೇಕು. ಕರ್ಬಿ ಈ ಆಟದಲ್ಲಿ ಪಳಗಿದರು. ಒಂದು ಮಾಡಿದರು, ಅದನ್ನು ಮೀರಿಸುವ ಇನ್ನೊಂದು ಮಾಡಿದರು, ಮತ್ತೊಂದು ಮಾಡಿದರು.

ಇದನ್ನು ಯಾಕೆ ಒತ್ತಿ ಹೇಳ್ತಿದ್ದೇನೆ ಅಂದ್ರೆ, ವಿನ್ಯಾಸದ ಜೋರಿನಿಂದ ಎದುರಾಳಿಯನ್ನು ಸೋಲಿಸುವ ಆಟದಲ್ಲಿ ಹೆಸರು ಮಾಡಿದ ಈ ಮನುಷ್ಯನೇ, ಆ ಆಟಕ್ಕೆ ಪೂರ್ತಿ ಬೀಗ ಹಾಕಿದ ದೋಣಿಯನ್ನೂ ಕೊಟ್ಟದ್ದು.

ಈಗ ಫೋನಿಗೆ ಬರೋಣ. 1960ರ ದಶಕದ ನಡುವಿನಲ್ಲಿ ಕರ್ಬಿ ಅಮೆರಿಕಕ್ಕೆ ಹೋಗಿ ಒಂದು ಹಾಯಿದೋಣಿ ಪತ್ರಿಕೆಯ ಸಂಪಾದಕರಾದರು. ಸಂಬಳ ಸಂಪಾದಕರ ಕುರ್ಚಿಯಿಂದ, ಗೆರೆ ಎಳೆಯೋದು ಬಿಡುವಿನಲ್ಲಿ. 1969ರಲ್ಲಿ ಮಾಂಟ್ರಿಯಲ್‌ನಿಂದ ಇಯಾನ್ ಬ್ರೂಸ್ ಫೋನ್ ಮಾಡ್ತಾರೆ. ಇಯಾನ್ ಕೈಗಾರಿಕಾ ವಿನ್ಯಾಸಗಾರ, ದೋಣಿ ಕಟ್ಟುವವರು, ಕರ್ಬಿಯ ಗೆಳೆಯ. ಕೆನಡಾದಲ್ಲಿ ದೊಡ್ಡ ಅಂಗಡಿಗಳನ್ನು ನಡೆಸ್ತಿದ್ದ ಹಡ್ಸನ್ಸ್ ಬೇ ಕಂಪನಿಯವರು ಕ್ಯಾಂಪಿಂಗ್ ಸಾಮಾನು ಮಾರುವ ಯೋಚನೆಯಲ್ಲಿದ್ದರು. ಟೆಂಟು, ಮಂಚ, ಅದು ಇದು, ಜೊತೆಗೆ ಕಾರಿನ ಮೇಲೆ ಕಟ್ಟಿಕೊಂಡು ಹೋಗುವಂಥ ಒಂದು ಪುಟ್ಟ ದೋಣಿ. ಅದನ್ನು ಯಾರು ಮಾಡಿಕೊಡ್ತಾರೆ? ಮಾತು ನಡೀತಿರುವಾಗಲೇ ಕರ್ಬಿ ಕೈ ಓಡಿತು. ಆ ಗೀಚಿಗೆ ಆಮೇಲೆ ಹತ್ತು ಲಕ್ಷ ಡಾಲರ್ ಗೀಚು ಅನ್ನೋ ಅಡ್ಡಹೆಸರು ಬಿತ್ತು. ಕಂಪನಿಯವರು ಕೊನೆಗೆ ದೋಣಿ ಬೇಡ ಅಂದರು. ಡ್ರಾಯಿಂಗ್ ಡ್ರಾಯರ್ ಸೇರಿತು.

ಆ ಗೆರೆಯಲ್ಲಿ ಏನಿತ್ತು? ಹೊರಗಿನಿಂದ ನೋಡಿದರೆ ಏನೂ ಇಲ್ಲ. ಉದ್ದ 4.23 ಮೀಟರ್, ಒಂದೇ ಹಾಯಿ, ಒಬ್ಬರೇ ಕೂರೋದು, ತೂಕ 59 ಕಿಲೋ. ಕರ್ಬಿ ತಲೆ ಕೆಡಿಸಿಕೊಂಡದ್ದು ದೋಣಿಯ ಹೊಟ್ಟೆಯ ಬಗ್ಗೆ. ನೀರಿನ ಕೆಳಗಿರುವ ಗಾತ್ರವನ್ನು ನಡುವಿನಲ್ಲಿ ಎಷ್ಟು, ಎರಡು ತುದಿಗಳಲ್ಲಿ ಎಷ್ಟು ಹಂಚಬೇಕು ಅನ್ನೋದಕ್ಕೆ ಒಂದು ಲೆಕ್ಕ ಇದೆ, ಪ್ರಿಸ್ಮ್ಯಾಟಿಕ್ ಕೋಎಫಿಷಿಯಂಟ್ ಅಂತಾರೆ. ತುದಿಗಳನ್ನು ತೆಳ್ಳಗೆ ಮಾಡಿದರೆ ಸಣ್ಣ ಗಾಳಿಯಲ್ಲಿ ದೋಣಿ ಚೆನ್ನಾಗಿ ಜಾರುತ್ತದೆ, ಆದರೆ ಗಾಳಿ ಜೋರಾದಾಗ ಮೇಲೆದ್ದು ಓಡೋದಿಲ್ಲ. ದಪ್ಪ ಮಾಡಿದರೆ ಜೋರು ಗಾಳಿಗೆ ಹಬ್ಬ, ಮೆಲ್ಲನೆ ಗಾಳಿಗೆ ಎಮ್ಮೆ. ಕರ್ಬಿ ಅದನ್ನು 0.55ರ ಸುತ್ತ ನಿಲ್ಲಿಸಿದರು. ಎರಡೂ ಕಡೆ ಅತಿಯಾಗದ ಲೆಕ್ಕ. ಜೊತೆಗೆ ಓಡಿಸುವವರ ತೂಕ ಸುಮಾರು 80 ಕಿಲೋ ಅಂತ ಇಟ್ಟುಕೊಂಡರು.

ಈ 80 ಕಿಲೋ ಲೆಕ್ಕ ಮುಂದೆ ತಲೆನೋವಾಯ್ತು. ಹಗುರ ಮೈಯವರಿಗೆ ಜೋರು ಗಾಳಿಯಲ್ಲಿ 7.06 ಚದರ ಮೀಟರಿನ ಹಾಯಿಯನ್ನು ಹಿಡಿದಿಡೋಕೆ ಆಗೋದೇ ಇಲ್ಲ. ಆಗ ಸಿಕ್ಕ ಉಪಾಯ ಬಲು ಸರಳ. ದೋಣಿಯನ್ನು ಮುಟ್ಟಬೇಡಿ, ಕಂಬದ ಕೆಳಗಿನ ತುಂಡನ್ನು ಗಿಡ್ಡ ಮಾಡಿ, ಹಾಯಿ ಸಣ್ಣದು ಹಾಕಿ. 5.76 ಚದರ ಮೀಟರಿನದ್ದು ರೇಡಿಯಲ್, ನೇತ್ರಾ ಓಡಿಸಿದ್ದು ಅದು. 4.7 ಚದರ ಮೀಟರಿನದ್ದು ಹುಡುಗ ಹುಡುಗಿಯರಿಗೆ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನೇಹಾ ಠಾಕೂರ್ ಬೆಳ್ಳಿ ತಂದದ್ದು ಅದರಲ್ಲೇ. ಅದೇ ಕೂಟದಲ್ಲಿ ವಿಷ್ಣು ದೊಡ್ಡ ಹಾಯಿಯಲ್ಲಿ ಕಂಚು ಗೆದ್ದರು. ಹುಡುಗಿ ಬೆಳೆದ ಹಾಗೆ ಕಂಬದ ತುಂಡು, ಹಾಯಿ ಬದಲಾಗುತ್ತದೆ, ದೋಣಿ ಅದೇ ಇರುತ್ತದೆ. ಮಕ್ಕಳ ಆಟಕ್ಕೆ ದುಡ್ಡು ಸುರಿಯುವ ಅಪ್ಪ ಅಮ್ಮನಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬೇರೆ ಹೇಳಬೇಕಾ?

1970ರಲ್ಲಿ ಕರ್ಬಿಯ ಪತ್ರಿಕೆಯವರೇ ಒಂದು ಸ್ಪರ್ಧೆ ಇಟ್ಟರು. ಸಾವಿರ ಡಾಲರಿಗಿಂತ ಕಮ್ಮಿ ಬೆಲೆಯ ದೋಣಿಗಳು ಮಾತ್ರ. ದೊಡ್ಡವರ ಯಾಟ್ ರೇಸ್ ಅಮೆರಿಕಾಸ್ ಕಪ್ ಇದೆಯಲ್ಲ, ಅದನ್ನು ಗೇಲಿ ಮಾಡಿ ಇದಕ್ಕೆ ಅಮೆರಿಕಾಸ್ ಟೀಕಪ್ ಅಂತ ಹೆಸರಿಟ್ಟರು. ಜಾಗ ವಿಸ್ಕಾನ್ಸಿನ್‌ನ ಲೇಕ್ ಜಿನೀವಾ. ಡ್ರಾಯರಿನಲ್ಲಿದ್ದ ಡ್ರಾಯಿಂಗ್ ಹೊರಗೆ ಬಂತು. ದೋಣಿಯನ್ನು ಇಯಾನ್ ಕಟ್ಟಿದರು. ಹಾಯಿ ಹೊಲಿದವರು ಹ್ಯಾನ್ಸ್ ಫೋಗ್, ಡೆನ್ಮಾರ್ಕಿನಿಂದ ಕೆನಡಾಕ್ಕೆ ಬಂದ ಹಾಯಿ ತಜ್ಞ. ಅವರು 1960ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದವರು. ಓಡಿಸಿದ್ದೂ ಅವರೇ. ಆಗ ದೋಣಿಗೆ ಇನ್ನೂ ಲೇಸರ್ ಅನ್ನೋ ಹೆಸರಿಲ್ಲ, ವೀಕೆಂಡರ್ ಅಂತಿದ್ದರು. ಹಾಯಿಯ ಮೇಲೆ ಟಿಜಿಐಎಫ್ ಅನ್ನೋ ನಾಲ್ಕಕ್ಷರ. ‘ದೇವರೇ, ಅಂತೂ ಶುಕ್ರವಾರ ಬಂತಲ್ಲ’ ಅಂತ ಆಫೀಸಿನವರು ಉಸಿರು ಬಿಡ್ತಾರಲ್ವಾ, ಅದು. ಮೊದಲ ರೇಸಿನಲ್ಲಿ ಎರಡನೇ ಸ್ಥಾನ. ಫೋಗ್ ಹಾಯಿಯನ್ನು ತಿದ್ದಿದರು. ಆಮೇಲಿನದ್ದನ್ನು ಸಲೀಸಾಗಿ ಗೆದ್ದರು.

ಲೇಸರ್ ಅನ್ನೋ ಹೆಸರು ಕೊಟ್ಟದ್ದು ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ. ಆ ಕಾಲದ ಹೊಸ ವಿಜ್ಞಾನದ ಹೆಸರು, ಹುಡುಗರಿಗೆ ಹಿಡಿಸುವಂಥದ್ದು. 1971ರ ನ್ಯೂಯಾರ್ಕ್ ದೋಣಿ ಪ್ರದರ್ಶನದಲ್ಲಿ 695 ಡಾಲರ್ ಬೆಲೆ ಹಾಕಿ ನಿಲ್ಲಿಸಿದರು. ಪ್ರದರ್ಶನ ಮುಗಿಯುವಷ್ಟರಲ್ಲಿ 144 ದೋಣಿಗೆ ಆರ್ಡರ್. ಇವತ್ತಿನವರೆಗೆ ತಯಾರಾದದ್ದು 2 ಲಕ್ಷಕ್ಕೂ ಹೆಚ್ಚು. ಕೆಲವು ವರ್ಷದ ಮೇಲೆ ಕರ್ಬಿ ಪತ್ರಿಕೆ ಕೆಲಸ ಬಿಟ್ಟು ಪೂರ್ತಿ ವಿನ್ಯಾಸಕ್ಕೆ ಕೂತರು. ಗೀಚು ಅನ್ನ ಹಾಕೋಕೆ ಶುರು ಮಾಡಿತ್ತು.

ಇಷ್ಟಕ್ಕೆಲ್ಲ ಕಾರಣ ಆ ಹೊಟ್ಟೆಯ ಲೆಕ್ಕ ಒಂದೇ ಅಂತ ನನಗನ್ನಿಸಲ್ಲ. ಅದಕ್ಕಿಂತ ಚೆನ್ನಾಗಿ ಓಡುವ ದೋಣಿಗಳು ಆಗಲೂ ಇದ್ದವು. ಲೇಸರಿನ ನಿಜವಾದ ಗುಟ್ಟು ಅದರ ನಿಯಮದ ಪುಸ್ತಕದಲ್ಲಿದೆ. ಅಲ್ಲಿ ಒಟ್ಟಾರೆ ಬರೆದಿರೋದು ಇಷ್ಟು: ಮಾಡಬಹುದು ಅಂತ ಹೇಳಿರದ ಯಾವ ಬದಲಾವಣೆಯನ್ನೂ ಮಾಡೋಹಾಗಿಲ್ಲ. ಒಂದೇ ನಮೂನೆಯ ಅಚ್ಚು, ಲೈಸೆನ್ಸ್ ಇರುವ ಕಾರ್ಖಾನೆ, ಅವರದ್ದೇ ಹಾಯಿ, ಅವರದ್ದೇ ಕಂಬ. ತೂಕ ಇಳಿಸೋಕೆ ತೂತು ಕೊರೆಯೋಹಾಗಿಲ್ಲ, ಚುಕ್ಕಾಣಿಯ ಅಲಗನ್ನು ಉಜ್ಜಿ ಚೂಪು ಮಾಡೋಹಾಗಿಲ್ಲ. ದುಡ್ಡಿರುವವರು ದುಡ್ಡಿನಿಂದ ವೇಗ ಕೊಳ್ಳೋಕಾಗಲ್ಲ. ಹತ್ತಾರು ದೋಣಿ ಒಟ್ಟಿಗೆ ಹೊರಟರೆ ಅಲ್ಲಿ ವ್ಯತ್ಯಾಸ ಅಂತ ಇರೋದು ಕೂತವರ ತಲೆ ಮತ್ತು ತೊಡೆ.

ಕೆಆರ್‌ಎಸ್ ಹಿನ್ನೀರಿನಲ್ಲಿ ಒಮ್ಮೊಮ್ಮೆ ರೆಗಟ್ಟಾ, ಅಂದ್ರೆ ದೋಣಿ ರೇಸಿನ ಕೂಟ, ನಡೆಯುತ್ತದೆ. ಹಲಸೂರು ಕೆರೆಯ ಮದ್ರಾಸ್ ಸ್ಯಾಪರ್ಸ್‌ನವರ ತೃಷ್ಣಾ ಸೈಲಿಂಗ್ ಕ್ಲಬ್ಬಿನವರು ನಡೆಸಿಕೊಡ್ತಾರೆ. ಲೇಸರ್ ಜೋಡಿಸೋದನ್ನು ನಾನು ಹತ್ತಿರದಿಂದ ನೋಡಿದ್ದು, ಕೈ ಹಾಕಿದ್ದು ಅಲ್ಲೇ. ಕಂಬ ಎರಡು ತುಂಡು. ಒಂದರೊಳಗೆ ಒಂದನ್ನು ತುರುಕಿದರೆ ಉದ್ದವಾಗುತ್ತದೆ. ಹಾಯಿಯ ಒಂದು ಅಂಚು ಚೀಲದ ಹಾಗೆ ಹೊಲಿದಿರುತ್ತದೆ, ದಿಂಬಿಗೆ ಕವರ್ ಹಾಕಿದ ಹಾಗೆ ಅದನ್ನು ಕಂಬಕ್ಕೆ ಏರಿಸೋದು. ಕಂಬವನ್ನು ನೆಟ್ಟಗೆ ಎತ್ತಿ ದೋಣಿಯ ಮುಂದಿನ ತೂತಿಗೆ ಇಳಿಸಿದರೆ ಮುಗೀತು. ಅದನ್ನು ಎಳೆದು ಹಿಡಿಯೋಕೆ ತಂತಿ ಇಲ್ಲ, ಹಗ್ಗದ ಬಿಗಿ ಇಲ್ಲ. ಗಾಳಿ ಇದ್ದಾಗ ಈ ಎತ್ತುವ ಕೆಲಸ ಸ್ವಲ್ಪ ಸರ್ಕಸ್ಸೇ. ಹಾಯಿ ಪಟಪಟ ಬಡಿದುಕೊಳ್ತಾ ಮೇಲಿನಿಂದ ಎಳೆಯುತ್ತಿರುತ್ತದೆ, ಕೆಳಗೆ ನಾವು ತೂತು ಹುಡುಕ್ತಿರ್ತೀವಿ. ಆಮೇಲೆ ಅಡ್ಡಕೋಲು, ಹಿಂದೆ ಚುಕ್ಕಾಣಿ, ನಡುವೆ ಸೀಳಿನಲ್ಲಿ ಇಳಿಸುವ ಡ್ಯಾಗರ್‌ಬೋರ್ಡ್ ಅನ್ನೋ ಹಲಗೆ. ಕಾಲಿಡುವ ಗುಂಡಿಯ ತಳದಲ್ಲಿ ಒಂದು ಪುಟ್ಟ ಬೈಲರ್. ದೋಣಿ ಓಡ್ತಿದ್ದರೆ ಒಳಗೆ ಬಂದ ನೀರನ್ನು ಅದೇ ಹೀರಿ ಹೊರಗೆ ಹಾಕುತ್ತದೆ. ಪಳಗಿದವರಿಗೆ ಇಷ್ಟೂ ಕಾಲು ಗಂಟೆಯ ಕೆಲಸ. ಮಗುಚಿದರೆ ಡ್ಯಾಗರ್‌ಬೋರ್ಡಿನ ಮೇಲೆ ಹತ್ತಿ ನಿಂತು ಹಿಂದಕ್ಕೆ ವಾಲಬೇಕು. ಹಾಯಿ ನೀರು ಬಸಿಯುತ್ತಾ ಏಳುತ್ತದೆ. ಮಗುಚೇ ಮಗುಚುತ್ತದೆ, ಆ ಬಗ್ಗೆ ಅನುಮಾನ ಬೇಡ.

ಇನ್ನು ಬೈಗುಳದ ಭಾಗ. ಲೇಸರ್ ಆರಾಮದ ದೋಣಿ ಅಲ್ಲವೇ ಅಲ್ಲ. ಗಾಳಿಗೆ ಎದುರಾಗಿ ಹೋಗುವಾಗ ಪಾದವನ್ನು ಪಟ್ಟಿಯೊಳಗೆ ಸಿಗಿಸಿ, ಬೆನ್ನನ್ನು ನೀರಿನ ಮೇಲೆ ಚಾಚಿ ನೇತಾಡಬೇಕು. ಅಂಚು ತೊಡೆಗೆ ಒತ್ತುತ್ತಿರುತ್ತದೆ. ಇನ್ನೊಂದು ಹಳೇ ರೋಗ ಇದೆ. ಗಾಳಿ ಬೆನ್ನಿಗಿರುವಾಗ ಹಾಯಿಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಿಸುವ ಹೊತ್ತಿಗೆ, ಸಡಿಲಾದ ಹಗ್ಗ ಹೋಗಿ ದೋಣಿಯ ಹಿಂದಿನ ಮೂಲೆಗೆ ಸರಿಯಾಗಿ ಸಿಕ್ಕಿಕೊಳ್ಳುತ್ತದೆ. ಹಾಯಿ ಹೊರಗೆ ಹೋಗಲ್ಲ, ದೋಣಿ ಗಿರಕ್ಕನೆ ತಿರುಗಿ ನಿಮ್ಮನ್ನು ನೀರಿಗೆ ಹಾಕುತ್ತದೆ. ಇದನ್ನು ತಪ್ಪಿಸೋಕೆ ಹಗ್ಗವನ್ನು ಸರಿಯಾದ ಕ್ಷಣಕ್ಕೆ ಒಂದು ಸಲ ಝಾಡಿಸಬೇಕು, ಆ ಝಾಡಿಸುವ ಕಲೆಯನ್ನು ಲೇಸರ್ ಓಡಿಸುವವರು ತಲೆಮಾರಿನಿಂದ ತಲೆಮಾರಿಗೆ ದಾಟಿಸ್ತಾ ಬಂದಿದ್ದಾರೆ. ಮೂಲೆಯನ್ನು ಸ್ವಲ್ಪ ದುಂಡಗೆ ಮಾಡಿದ್ದರೆ ಆಗ್ತಿತ್ತಲ್ವಾ ಅಂತ ಕೇಳಬಹುದು. ಆಗ್ತಿತ್ತು. ಆದರೆ ದೋಣಿಯನ್ನು ಮುಟ್ಟೋಹಾಗಿಲ್ಲ. ಕರ್ಬಿಯೇ ಬಂದು ಕೇಳಿದರೂ ಮುಟ್ಟೋಹಾಗಿಲ್ಲ.

ಹಾಯಿಯದ್ದು ಇನ್ನೊಂದು ದೂರು. ಲೈಸೆನ್ಸ್ ಇರುವವರೇ ಮಾಡಬೇಕಾದ್ದರಿಂದ ಬೆಲೆ ಜಾಸ್ತಿ, ಆದರೆ ಹಳೇ ನಮೂನೆಯದ್ದು ಬೇಗ ಜೋತು ಬೀಳ್ತಿತ್ತು. ಗೆಲ್ಲಬೇಕು ಅನ್ನೋರು ಪದೇ ಪದೇ ಹೊಸದು ತಗೋಬೇಕಾಗಿತ್ತು. ದುಡ್ಡಿನಿಂದ ವೇಗ ಬರಲ್ಲ ಅಂತ ಮೇಲೆ ಬರೆದೆನಲ್ಲ, ಅದಕ್ಕೆ ಇದೊಂದು ಕಿಂಡಿ. 2010ರ ದಶಕದಲ್ಲಿ ಗಟ್ಟಿ ಹಾಯಿ ತಂದು ಕಿಂಡಿಯನ್ನು ಸ್ವಲ್ಪ ಮುಚ್ಚಿದರು.

ದೋಣಿಗಳೆಲ್ಲ ಒಂದೇ ಆದಾಗ ರೇಸ್ ಯಾವ ಮಟ್ಟಕ್ಕೆ ಹೋಗುತ್ತದೆ ಅನ್ನೋದಕ್ಕೆ ಒಂದು ಜೋಡಿ ಕಥೆ ಇದೆ, ಅದನ್ನು ಹೇಳದೇ ಬಿಡೋಕೆ ಮನಸ್ಸಿಲ್ಲ. ಲೇಸರ್ ಒಲಿಂಪಿಕ್ಸ್ ಸೇರಿದ್ದು 1996ರ ಅಟ್ಲಾಂಟಾದಲ್ಲಿ. ದೋಣಿ ರೇಸ್ ಸವಾನಾದಲ್ಲಿ ನಡೆಯಿತು. ಚಿನ್ನಕ್ಕೆ ಕೊನೆಗೆ ಉಳಿದವರು ಬ್ರೆಜಿಲ್‌ನ ರಾಬರ್ಟ್ ಶೈಟ್ ಮತ್ತು ಬ್ರಿಟನ್ನಿನ 19 ವರ್ಷದ ಬೆನ್ ಐನ್ಸ್ಲಿ. ಕೊನೆ ರೇಸಿನ ಆರಂಭದಲ್ಲಿ ಶೈಟ್ ಸಮಯಕ್ಕೆ ಮೊದಲೇ ಗೆರೆ ದಾಟಿದರು. ಐನ್ಸ್ಲಿ ಹಿಂದೆ ಉಳಿಯಬಾರದು ಅಂತ ಅವರ ಬೆನ್ನಿಗೇ ಹೊರಟರು. ಇಬ್ಬರೂ ಅನರ್ಹ. ಇಬ್ಬರೂ ಹೊರಗೆ ಬಿದ್ದರೆ ಮೊದಲೇ ಮುಂದಿದ್ದ ಶೈಟ್‌ಗೆ ಚಿನ್ನ! ನಾಲ್ಕು ವರ್ಷದ ಮೇಲೆ ಸಿಡ್ನಿಯಲ್ಲಿ ಅದೇ ಜೋಡಿ, ಮತ್ತೆ ಕೊನೆ ರೇಸ್. ಈ ಸಲ ಲೆಕ್ಕ ತಿರುಗಿತ್ತು. ಶೈಟ್ ಹಿಂದೆ ಬಿದ್ದರೆ ಸಾಕು, ಐನ್ಸ್ಲಿಗೆ ಚಿನ್ನ. ಅವರು ಗೆಲ್ಲೋಕೆ ಹೋಗಲೇ ಇಲ್ಲ. ಶೈಟ್ ಎಲ್ಲಿ ತಿರುಗಿದರೂ ಅಡ್ಡ ನಿಂತರು, ಗಾಳಿ ಕದ್ದರು, ಗುಂಪಿನ ಹಿಂದಕ್ಕೆ ತಳ್ಳಿದರು. ಚಿನ್ನ ತಗೊಂಡರು. ಎಲ್ಲವೂ ನಿಯಮದ ಒಳಗೇ. ಎರಡೂ ಸಲ ದೋಣಿಯ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ, ಆಡೋಕೆ ಏನೂ ಇರಲಿಲ್ಲ. ವಿನ್ಯಾಸ ಮಾಡಿದವರಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಬೇಕಾ ಅಂತ ನನಗನ್ನಿಸುತ್ತದೆ. ಒಪ್ಪದವರು ಇರಬಹುದು.

ಕರ್ಬಿ ಲೇಸರಿನ ಆಚೆಗೂ ಬೇಕಾದಷ್ಟು ಮಾಡಿದರು. 1983ರ ಅಮೆರಿಕಾಸ್ ಕಪ್ಪಿಗೆ ಕೆನಡಾ ಒನ್ ಅನ್ನೋ ದೊಡ್ಡ ಯಾಟ್. ಸೋನಾರ್ ಅನ್ನೋ 23 ಅಡಿಯ ದೋಣಿ, ಅದು ಬಹಳ ವರ್ಷ ಪ್ಯಾರಾಲಿಂಪಿಕ್ಸ್‌ನಲ್ಲಿತ್ತು. ಕನೆಕ್ಟಿಕಟ್‌ನ ಅವರ ಊರಿನ ಹತ್ತಿರದ ಆಳವಿಲ್ಲದ ನೀರಿಗೆ ಅಂತಲೇ ಮಾಡಿದ ಶಾರ್ಪಿ ದೋಣಿಗಳು. ಕೆನಡಾ ಸರ್ಕಾರದ ಆರ್ಡರ್ ಆಫ್ ಕೆನಡಾ ಗೌರವವೂ ಬಂತು.

ಆದರೆ ಕೊನೆಯ ವರ್ಷಗಳು ಕೋರ್ಟಿನಲ್ಲಿ ಕಳೆದವು. ಆಗೆಲ್ಲ ಪ್ರತಿ ಲೇಸರಿನಲ್ಲೂ ಒಂದು ಪುಟ್ಟ ಫಲಕ ಅಂಟಿಸಿರ್ತಿದ್ದರು, ನಂಬರಿನ ಜೊತೆ ವಿನ್ಯಾಸಗಾರರ ಹೆಸರು. ಜಗಳ ಹತ್ತಿದ್ದು ರಾಯಲ್ಟಿ ವಿಷಯಕ್ಕೆ, ಮತ್ತು ಆ ಫಲಕದ ಮೇಲಿನ ಹೆಸರನ್ನು ಬಳಸುವ ಹಕ್ಕು ಯಾರದ್ದು ಅನ್ನೋದಕ್ಕೆ. 2013ರಲ್ಲಿ ಕರ್ಬಿ ಅಮೆರಿಕದ ಕೋರ್ಟಿಗೆ ಹೋದರು. ಅದೇ ವರ್ಷ ತಮ್ಮ ದೋಣಿಗೆ ಕರ್ಬಿ ಟಾರ್ಚ್ ಅಂತ ಬೇರೆ ಹೆಸರಿಟ್ಟು ನೋಡಿದರು, ಅದು ಹತ್ತಲಿಲ್ಲ. 2020ರಲ್ಲಿ ಜ್ಯೂರಿ ಅವರ ಪರ ನಿಂತು 40 ಲಕ್ಷ ಡಾಲರಿಗೂ ಹೆಚ್ಚಿನ ಪರಿಹಾರ ಹೇಳಿತು, ಅದು ಮತ್ತೆ ಅಪೀಲಿಗೆ ಹೋಯಿತು. ಇದರ ನಡುವೆ 2019ರಲ್ಲಿ ಓಡಿಸುವವರ ಸಂಘಕ್ಕೂ ಒಂದು ತಯಾರಕ ಕಂಪನಿಗೂ ಬೇರೆಯೇ ಜಗಳ ಹತ್ತಿ, ಲೇಸರ್ ಅನ್ನೋ ಹೆಸರನ್ನೇ ಬಿಟ್ಟು ಐಎಲ್‌ಸಿಎ ಅಂತ ಮಾಡಿಕೊಂಡರು. ದೋಣಿ ಒಂದು ಕೂದಲೆಳೆಯೂ ಬದಲಾಗದೆ ಹೆಸರು ಮಾತ್ರ ಬದಲಾಯಿತು. ಕರ್ಬಿ ತೀರಿಕೊಂಡದ್ದು 2021ರ ಜುಲೈನಲ್ಲಿ, 92ನೇ ವಯಸ್ಸಿಗೆ. ಟೋಕಿಯೋ ಒಲಿಂಪಿಕ್ಸ್ ಶುರುವಾಗೋಕೆ ಕೆಲವೇ ದಿನ ಇತ್ತು. ನೇತ್ರಾ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ನಮ್ಮ ದೇಶದ ಮೊದಲ ಮಹಿಳಾ ಸೇಲರ್ ಆಗಿ ಹೋದದ್ದು ಅದೇ ಕೂಟಕ್ಕೆ.

ಈ ದೋಣಿ ಹಳೇದಾಯ್ತು, ಒಲಿಂಪಿಕ್ಸ್‌ನಿಂದ ತೆಗೀರಿ ಅನ್ನೋ ಕೂಗು ಹೊಸದಲ್ಲ. 2019ರಲ್ಲಿ ಹಾಯಿದೋಣಿ ಆಟದ ಜಾಗತಿಕ ಸಂಸ್ಥೆಯವರು ಸ್ಪೇನಿನಲ್ಲಿ ಲೇಸರನ್ನು ಹೊಸ ದೋಣಿಗಳ ಜೊತೆ ನೀರಿಗಿಳಿಸಿ ಪರೀಕ್ಷೆ ಮಾಡಿದರು. ಪರೀಕ್ಷಕರು ಮೆಚ್ಚಿದ್ದು ಆರ್‌ಎಸ್ ಏರೋ ಅನ್ನೋದನ್ನು. ತೂಕ ಸುಮಾರು 30 ಕಿಲೋ, ಅಂದ್ರೆ ಲೇಸರಿನ ಅರ್ಧ. ಎಲ್ಲ ರೀತಿಯಲ್ಲೂ ಚೆಂದದ ದೋಣಿ. ಆದರೂ ಕೊನೆಗೆ ಉಳಿದದ್ದು ಲೇಸರೇ. ಲಾಸ್ ಏಂಜಲೀಸ್ 2028ಕ್ಕೂ ಇದೇ. ಸುಮ್ನೆ ದೋಣಿ ಅಂತ ನೋಡಿದರೆ ಪರೀಕ್ಷಕರು ಹೇಳಿದ್ದೇ ಸರಿ ಅಂತ ನಾನೂ ಒಪ್ತೇನೆ. ಆದರೆ ನಮ್ಮಂಥ ದೇಶದ ಕ್ಲಬ್ಬುಗಳಲ್ಲಿ ಈಗಾಗಲೇ ಇರುವ ಲೇಸರುಗಳನ್ನು ಮೂಲೆಗೆ ಹಾಕಿ, ಎಲ್ಲವನ್ನೂ ಹೊಸದಾಗಿ ವಿದೇಶದಿಂದ ತರಿಸಿ ಅಂದಿದ್ದರೆ, ಹಿಂದೆ ಬೀಳ್ತಿದ್ದವರು ಯಾರು ಅಂತ ಹೇಳಬೇಕಾಗಿಲ್ಲ.

ಅಂದ ಹಾಗೆ, ಯಾರಾದರೂ ಹಳೇ ಲೇಸರ್ ಕೊಳ್ಳುವ ಯೋಚನೆಯಲ್ಲಿದ್ದರೆ ಹೊಳಪು ನೋಡಿ ದುಡ್ಡು ಕೊಡಬೇಡಿ. ಕಂಬ ಇಳಿಸುವ ತೂತಿಗೆ ನೀರು ತುಂಬಿ ಸ್ವಲ್ಪ ಹೊತ್ತು ಬಿಡಿ. ನೀರಿನ ಮಟ್ಟ ಇಳಿದರೆ ತಳ ಬಿರುಕು ಬಿಟ್ಟಿದೆ ಅಂತ ಅರ್ಥ, ಜೋರು ಗಾಳಿಯಲ್ಲಿ ಒಂದಿನ ಕಂಬ ಮೇಲ್ಭಾಗವನ್ನೇ ಹರಿದುಕೊಂಡು ಬೀಳುತ್ತದೆ. ಆಮೇಲೆ ತೂತಿನ ಸುತ್ತ, ಕೂರುವ ಅಂಚಿನ ಮೇಲೆ ಹೆಬ್ಬೆರಳಿಂದ ಒತ್ತಿ ನೋಡಿ. ಮೆತ್ತಗೆ ತಗ್ಗಿದರೆ ಬೆಲೆ ಇಳಿಸಿ ಕೇಳಿ, ಇಲ್ಲವೇ ಬಿಟ್ಟುಬಿಡಿ. ಹಾಯಿ ಹಳೇದಿದ್ದರೆ ಚಿಂತೆ ಇಲ್ಲ. ಮೊದಲ ವರ್ಷ ಹೇಗಿದ್ದರೂ ಅದು ನೀರಿನ ಒಳಗೇ ಜಾಸ್ತಿ ಇರುತ್ತದೆ.